ಮೊಮ್ಮಗನಿಗೆ ತೆಲುಗು ಹೇಳಿಕೊಟ್ಟ ದಿನಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ಶಾಲೆ ಬೆಳೆದುಬಂದ ಬಗೆಯನ್ನು, ಅದಕ್ಕಾಗಿ ದುಡಿದ ಹಿರಿಯರನ್ನು, ಪಾಠ ಹೇಳಿದ ಗುರುಗಳನ್ನು ಕುರಿತು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆಯುತ್ತಾರೆ. ನಾನು ಇಲ್ಲಿ ಹೇಳಹೊರಟಿರುವುದು ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಆದರೆ ಡಿ. ಹಿರೇಹಾಳಿನ ಸುತ್ತಮುತ್ತ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಪ್ರತಿಯೊಂದು ಮನೆಯಲ್ಲಿಯೂ ಅದು ಒಂದಲ್ಲ ಒಂದು ರೂಪದಲ್ಲಿ ನಡೆಯುತ್ತಿದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗ ಇದೇ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದಾನೆ. ಲೆಕ್ಕದಲ್ಲಿ ಚುರುಕು, ಕನ್ನಡದಲ್ಲಿ ಎಲ್ಲರಿಗಿಂತ ಮುಂದು. ತೆಲುಗಿನಲ್ಲಿ ಮಾತ್ರ ಮೊದಲನೆಯ ಕಿರುಪರೀಕ್ಷೆಯಲ್ಲಿ ಅವನಿಗೆ ಬಂದದ್ದು 25ಕ್ಕೆ 8 ಅಂಕ. ನನ್ನ ಸೊಸೆ ಕೂಡ್ಲಿಗಿಯ ಕಡೆಯವಳು. ಆಕೆಗೆ ತೆಲುಗು ಅರ್ಥವಾಗುತ್ತದೆಯೇ ಹೊರತು ಓದಲು ಬಾರದು. ಮಗ ಬೆಳಗಾಗುತ್ತಲೇ ಬಳ್ಳಾರಿಯ ಬಸ್ಸು ಹಿಡಿದರೆ ಮನೆ ಸೇರುವುದು ರಾತ್ರಿಗೆ. ಅಂಕಪಟ್ಟಿಯನ್ನು ನನ್ನ ಮುಂದಿಟ್ಟು ಸೊಸೆ ಹೇಳಿದಳು: “ಮಾವ, ಇವನು ಇರುವುದು ಆಂಧ್ರದಲ್ಲಿ. ನಾಳೆ ಕೆಲಸ ಕೇಳಬೇಕಾದದ್ದೂ ಇಲ್ಲಿಯೇ. ತೆಲುಗೇ ಬಾರದಿದ್ದರೆ ಗತಿಯೇನು? ಮುಂದಿನ ವರ್ಷ ರಾಯದುರ್ಗದ ಇಂಗ್ಲಿಷ್ ಮೀಡಿಯಂಗೆ ಹಾಕಿಬಿಡೋಣ. ಕನ್ನಡ ಮನೆಯಲ್ಲಿ ಹೇಗೂ ಇದ್ದೇ ಇದೆ.”

ಆಕೆಯ ಮಾತಿನಲ್ಲಿ ತಾಯಿಯ ಕಳವಳವಿತ್ತು. ಅದನ್ನು ತಳ್ಳಿಹಾಕುವಂತಿರಲಿಲ್ಲ. ಪಡಿತರ ಚೀಟಿ, ಪಟ್ಟಾದಾರ್ ಪಾಸ್‌ಪುಸ್ತಕ, ಮಂಡಲ ಕಚೇರಿಯ ಅರ್ಜಿ ಎಲ್ಲವೂ ತೆಲುಗಿನಲ್ಲಿರುವ ಊರಿನಲ್ಲಿ ತೆಲುಗು ಬಾರದವನು ಬೇರೆಯವರ ಕಣ್ಣಿನಿಂದಲೇ ಓದಬೇಕಾಗುತ್ತದೆ. ಹಾಗೆಂದು ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿದರೆ ತೆಲುಗು ತಾನಾಗಿ ಬಂದುಬಿಡುವುದೇ? ನನಗೆ ಹಾಗೆನಿಸಲಿಲ್ಲ. “ನೋಡಮ್ಮಾ, ಮುಂದಿನ ಪರೀಕ್ಷೆಯವರೆಗೆ ಇವನನ್ನು ನನಗೆ ಬಿಡು. ಆಮೇಲೆ ತೀರ್ಮಾನಿಸೋಣ” ಎಂದು ಕೇಳಿಕೊಂಡೆ. ಆಕೆ ಒಪ್ಪಿದಳು. ಹೀಗೆ ನಿವೃತ್ತ ಗುಮಾಸ್ತನಾದ ನಾನು ಮನೆಯ ತೆಲುಗು ಮೇಷ್ಟರಾದೆ.

ತೆಲುಗು ನಮ್ಮ ಮಕ್ಕಳ ಪುಸ್ತಕದ ಚೀಲವನ್ನು ಹೇಗೆ ಸೇರಿತೆಂಬುದನ್ನು ಹಿರಿಯರು ಬಲ್ಲರು, ಕಿರಿಯರಿಗಾಗಿ ಎರಡು ಮಾತು ಹೇಳುತ್ತೇನೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗಲೂ ರಾಯದುರ್ಗ ತಾಲ್ಲೂಕು ಬಳ್ಳಾರಿಯಲ್ಲಿಯೇ ಉಳಿದಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು ಹಂಚಿಹೋದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ, ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ. ರಾಯದುರ್ಗವು ಅನಂತಪುರ ಜಿಲ್ಲೆಯ ಭಾಗವಾಯಿತು. ನಮ್ಮ ಹಿರಿಯರು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ರಾಜ್ಯವೇ ಅವರ ಮನೆಯ ಮೇಲಿಂದ ಹಾದುಹೋಯಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ನಮ್ಮ ಶಾಲೆಯಂಥ ಶಾಲೆಗಳಿಗೆ ಅದೇ ಆಸರೆ. ಆದರೂ ಆತಂಕ ತಪ್ಪಿದ್ದಲ್ಲ. 2019ರ ಕೊನೆಯಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಹಂತಹಂತವಾಗಿ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಟಾಗ ಗಡಿಯ ಕನ್ನಡಿಗರೆಲ್ಲ ತಲ್ಲಣಿಸಿದೆವು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಆದರೆ ನ್ಯಾಯಾಲಯವು ಆದೇಶವನ್ನು ರದ್ದುಪಡಿಸಬಲ್ಲದೇ ಹೊರತು ತಾಯಂದಿರ ಕಳವಳವನ್ನಲ್ಲ. ಅದನ್ನು ನೀಗಬೇಕಾದವರು ಮನೆಯವರು ಮತ್ತು ಮೇಷ್ಟರು.

ಇನ್ನು ಪಾಠದ ಮಾತಿಗೆ ಬರುತ್ತೇನೆ. ದಿನಕ್ಕೆ ಅರ್ಧ ಗಂಟೆ, ದೀಪ ಹಚ್ಚಿದ ಮೇಲೆ. ಅದಕ್ಕಿಂತ ಹೆಚ್ಚು ಬೇಡವೆಂದು ಮೊದಲೇ ಗೊತ್ತುಮಾಡಿಕೊಂಡೆವು. ಅವನ ಉತ್ತರ ಪತ್ರಿಕೆಯನ್ನು ಬಿಡಿಸಿ ನೋಡಿದಾಗ ನನಗೆ ಕಂಡದ್ದು ಅಜ್ಞಾನವಲ್ಲ, ಗೊಂದಲ. ತೆಲುಗು ಕನ್ನಡಕ್ಕೆ ತೀರ ದೂರದ ಭಾಷೆಯಾಗಿದ್ದರೆ ಅವನು ಹೀಗೆ ತೊಡಕಿಗೆ ಸಿಕ್ಕುತ್ತಿರಲಿಲ್ಲ. ತೀರ ಹತ್ತಿರದ್ದಾದುದರಿಂದಲೇ ಯಾವುದು ಯಾವುದೆಂದು ತಿಳಿಯದೆ ಕೈ ತಪ್ಪುತ್ತಿತ್ತು.

ಲಿಪಿಯನ್ನೇ ನೋಡಿ. ಎರಡೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಗ, ಜ, ಟ, ಡ, ದ, ನ, ಬ, ಲ ಮೊದಲಾದ ಅಕ್ಷರಗಳಲ್ಲಿ ತಲೆಕಟ್ಟನ್ನು ಬಿಟ್ಟರೆ ಹೆಚ್ಚಿನ ಭೇದವಿಲ್ಲ. ತಲೆಕಟ್ಟೆಂಬ ಹೆಸರೂ ಎರಡು ಭಾಷೆಗಳಲ್ಲಿ ಒಂದೇ. ಕನ್ನಡದಲ್ಲಿ ಅದು ಅಡ್ಡಗೆರೆಯಾಗಿ ಎಳೆಯುತ್ತದೆ, ತೆಲುಗಿನಲ್ಲಿ ಮೇಷ್ಟರು ಸರಿಯುತ್ತರಕ್ಕೆ ಹಾಕುವ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕ, ತ, ಶ, ಹಗಳು ಮಾತ್ರ ಬೇರೆ ಮುಖ ತೊಟ್ಟಿವೆ. ಕನ್ನಡದಲ್ಲಿ ಏತ್ವವನ್ನು ದೀರ್ಘ ಮಾಡಲು ಪಕ್ಕದಲ್ಲಿ ಒಂದು ಗುರುತು ಸೇರಿಸುತ್ತೇವೆ, ತೆಲುಗಿನಲ್ಲಿ ಅಕ್ಷರದ ಮೇಲಿನ ಗುರುತೇ ಬದಲಾಗುತ್ತದೆ. ‘ಕರ್ಮ’ ಎಂದು ಬರೆಯುವಾಗ ನಾವು ಮಕಾರದ ಮುಂದೆ ಅರ್ಕಾವತ್ತನ್ನು ಹಾಕಿದರೆ ಈಗಿನ ತೆಲುಗಿನಲ್ಲಿ ರಕಾರವನ್ನು ಪೂರ್ತಿ ಬರೆದು ಅದರ ಕೆಳಗೆ ಮಕಾರದ ಒತ್ತನ್ನು ಕೊಡುತ್ತಾರೆ. ಮೊಮ್ಮಗ ತೆಲುಗು ಪದಗಳಿಗೆಲ್ಲ ಕನ್ನಡದ ಅರ್ಕಾವತ್ತನ್ನು ಅಂಟಿಸಿದ್ದ. ಕಳೆದುಹೋದ ಅಂಕಗಳಲ್ಲಿ ನಾಲ್ಕು ಬರಿಯ ಲಿಪಿಯಿಂದ ಹೋಗಿದ್ದವು. ಇಡೀ ವರ್ಣಮಾಲೆಯನ್ನು ಮತ್ತೆ ತಿದ್ದಿಸುವ ಬದಲು, ಬೇರೆಯಾಗಿರುವ ಅಕ್ಷರಗಳನ್ನು ಮತ್ತು ಗುರುತುಗಳನ್ನು ಮಾತ್ರ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ಹತ್ತು ದಿನಗಳಲ್ಲಿ ಆ ತೊಡಕು ತೀರಿತು.

ಆಮೇಲೆ ಪದಗಳ ಸರದಿ. ಪುಸ್ತಕದ ಹಿಂದಿನ ಪದಪಟ್ಟಿಯನ್ನು ಬಾಯಿಪಾಠ ಮಾಡಲು ಅವನು ಮುಖ ಸಿಂಡರಿಸುತ್ತಿದ್ದ. ನಾನು ಪಟ್ಟಿಯನ್ನು ಮುಚ್ಚಿ, “ಹಾಲಿಗೆ ತೆಲುಗಿನಲ್ಲಿ ಏನೆನ್ನುತ್ತಾರೆ?” ಎಂದೆ. “ಪಾಲು.” “ಹುಲಿಗೆ?” “ಪುಲಿ.” “ಹಂದಿಗೆ?” “ಪಂದಿ.” ಅವನ ಕಣ್ಣರಳಿತು. ಹೊಗೆ ಪೊಗ, ಹಗಲು ಪಗಲು, ಹೊಲ ಪೊಲಂ, ಹಾವು ಪಾಮು, ಹಳ್ಳಿ ಪಲ್ಲೆ ಎಂದು ತಾನೇ ಜೋಡಿಸತೊಡಗಿದ. ಹುಡುಗನಿಗೆ ‘ಪುಡುಗ’ ಎನ್ನಬೇಕೇ ಎಂದು ಕೇಳಿದಾಗ ಮನೆಮಂದಿಯೆಲ್ಲ ನಕ್ಕೆವು. ಸೂತ್ರ ಎಲ್ಲ ಕಡೆಯೂ ನಡೆಯದೆಂಬ ಪಾಠವೂ ಅಲ್ಲಿಯೇ ಆಯಿತು. ಮರುದಿನ ಕಿವಿಗೆ ಚೆವಿ, ಕೆರೆಗೆ ಚೆರುವು, ಕೈಗೆ ಚೇಯಿ ಎಂಬ ಇನ್ನೊಂದು ಸಾಲನ್ನು ಹಿಡಿದೆವು. ಕನ್ನಡದ ಕಕಾರವು ಇಕಾರ ಎಕಾರಗಳ ಮುಂದೆ ತೆಲುಗಿನಲ್ಲಿ ಚಕಾರವಾಗುವ ಬಗೆ ಅದು.

ಹಕಾರ ಪಕಾರಗಳ ಈ ಗುಟ್ಟು ನನಗೆ ತಿಳಿದದ್ದು ಇದೇ ಶಾಲೆಯ ಕನ್ನಡ ತರಗತಿಯಲ್ಲಿ. ಹಳಗನ್ನಡದ ಪದ್ಯಭಾಗ ಬಂದಾಗ ನಮ್ಮ ಪಂಡಿತರು, ಪಂಪನ ಕಾಲದ ಕನ್ನಡಿಗರು ಹಾಲನ್ನು ಪಾಲ್ ಎಂದೂ ಹುಲಿಯನ್ನು ಪುಲಿ ಎಂದೂ ಹೂವನ್ನು ಪೂ ಎಂದೂ ಕರೆಯುತ್ತಿದ್ದರೆಂದು ಹೇಳಿದ್ದರು. ಹತ್ತನೆಯ ಶತಮಾನದ ನಂತರ ಕನ್ನಡದಲ್ಲಿ ಪಕಾರವು ಕ್ರಮೇಣ ಹಕಾರವಾಯಿತು, ತೆಲುಗಿನಲ್ಲಿ ಹಾಗೆಯೇ ಉಳಿಯಿತು. ತೆಲುಗಿನ ಪದಪಟ್ಟಿಯನ್ನು ಕಲಿಯುವ ನಮ್ಮ ಮಗು ತನಗರಿವಿಲ್ಲದೆಯೇ ಹಳಗನ್ನಡದ ಬಾಗಿಲಿನಲ್ಲಿ ನಿಂತಿರುತ್ತದೆ. ಕಿಟ್ಟೆಲರು 1894ರಲ್ಲಿ ಹೊರತಂದ ಕನ್ನಡ ನಿಘಂಟಿನಲ್ಲಿ ಪದಗಳ ಪಕ್ಕದಲ್ಲಿ ತೆಲುಗು, ತಮಿಳಿನ ಸೋದರ ಪದಗಳನ್ನು ಕೊಟ್ಟಿರುವುದನ್ನು ಆಸಕ್ತರು ನೋಡಬಹುದು.

ಹತ್ತಿರದ ನೆಂಟರಲ್ಲಿಯೇ ಜಗಳ ಹೆಚ್ಚೆನ್ನುವಂತೆ, ರೂಪ ಒಂದೇ ಆಗಿ ಅರ್ಥ ಬೇರೆಯಾದ ಪದಗಳು ಪರೀಕ್ಷೆಯಲ್ಲಿ ಬಹಳ ಕಾಡುತ್ತವೆ. ‘ಎದ್ದು ವಚ್ಚಿಂದಿ’ ಎಂಬ ವಾಕ್ಯಕ್ಕೆ ನಮ್ಮವನು ‘ಎದ್ದು ಬಂದಿತು’ ಎಂದು ಅರ್ಥ ಬರೆದಿದ್ದ. ತೆಲುಗಿನ ‘ಎದ್ದು’ ನಮ್ಮ ಎತ್ತು. ತೆಲುಗಿನಲ್ಲಿ ‘ಬಡಿ’ ಎಂದರೆ ಶಾಲೆ. ಶಾಲೆಗೂ ಬಡಿಯುವುದಕ್ಕೂ ಇರುವ ನಂಟನ್ನು ನಮ್ಮ ಕಾಲದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ! ನಮಗೆ ಕೆರೆಯ ಕೋಡಿ, ಅವರಿಗೆ ಕೋಳಿಯೇ ಕೋಡಿ. ನಮಗೆ ನೆಲವೆಂದರೆ ಭೂಮಿ, ಅವರಿಗೆ ‘ನೆಲ’ ಎಂದರೆ ತಿಂಗಳು. ನಮಗೆ ಉಣ್ಣುವ ಅನ್ನ, ಅವರಿಗೆ ‘ಅನ್ನ’ ಎಂದರೆ ಅಣ್ಣ. ಇಂಥ ಪದಗಳಿಗಾಗಿಯೇ ಒಂದು ನೋಟ್‌ಬುಕ್ ಮಾಡಿದೆವು. ಎಡಕ್ಕೆ ಕನ್ನಡದ ಅರ್ಥ, ಬಲಕ್ಕೆ ತೆಲುಗಿನ ಅರ್ಥ, ಕೆಳಗೆ ಒಂದು ಚಿತ್ರ. ಕೆರೆಯ ಏರಿಯ ಮೇಲೆ ಕೋಳಿ ನಿಂತ ಚಿತ್ರವನ್ನು ಬರೆದ ಮೇಲೆ ಅವನು ಕೋಡಿಯ ಅರ್ಥವನ್ನು ಮರೆಯಲಿಲ್ಲ. ಎರಡು ತಿಂಗಳಲ್ಲಿ ಅದರಲ್ಲಿ ನಲವತ್ತಕ್ಕೂ ಹೆಚ್ಚು ಪದಗಳು ಸೇರಿದವು. ಅರ್ಧಕ್ಕರ್ಧ ಅವನು ಬೀದಿಯಲ್ಲಿ, ಕಿರಾಣಿ ಅಂಗಡಿಯಲ್ಲಿ ಕೇಳಿ ತಂದವು.

ವ್ಯಾಕರಣದಲ್ಲಿ ಅವನನ್ನು ಬೆರಗುಗೊಳಿಸಿದ್ದು ಎರಡು ಸಂಗತಿ. ಕನ್ನಡದಲ್ಲಿ ಅವಳು ಬಂದಳು, ಹಸು ಬಂದಿತು. ತೆಲುಗಿನಲ್ಲಿ ಏಕವಚನದಲ್ಲಿ ಹೆಂಗಸಿಗೂ ಹಸುವಿಗೂ ಒಂದೇ ಕ್ರಿಯಾಪದ: ‘ವಚ್ಚಿಂದಿ’. “ಅಮ್ಮನಿಗೆ ಹಾಗೆನ್ನಬಹುದೇ ತಾತಾ?” ಎಂದು ಅವನು ಸಂಕಟಪಟ್ಟ. ಅದರಲ್ಲಿ ಅಗೌರವವೇನೂ ಇಲ್ಲ, ಅದು ಆ ಭಾಷೆಯ ಕ್ರಮ, ಗೌರವ ತೋರಬೇಕಾದಲ್ಲಿ ಅವರೂ ನಮ್ಮಂತೆಯೇ ಬಹುವಚನದಲ್ಲಿ ‘ವಚ್ಚಾರು’ ಎನ್ನುತ್ತಾರೆ ಎಂದು ಸಮಾಧಾನ ಹೇಳಿದೆ. ಒಂದು ಭಾಷೆಯ ಮರ್ಯಾದೆಯನ್ನು ಇನ್ನೊಂದು ಭಾಷೆಯ ಅಳತೆಗೋಲಿನಿಂದ ಅಳೆಯಬಾರದೆಂಬುದನ್ನು ಅವನು ಹನ್ನೊಂದನೆಯ ವಯಸ್ಸಿನಲ್ಲಿಯೇ ಕಲಿತ.

ಎರಡನೆಯದು ‘ಮೇಮು’ ಮತ್ತು ‘ಮನಮು’. ಕನ್ನಡದ ‘ನಾವು’ ಎಂಬ ಒಂದೇ ಪದಕ್ಕೆ ತೆಲುಗಿನಲ್ಲಿ ಎರಡು ಪದಗಳಿವೆ. ಕೇಳುತ್ತಿರುವವನನ್ನು ಹೊರಗಿಟ್ಟು ಹೇಳುವ ನಾವು ‘ಮೇಮು’, ಅವನನ್ನೂ ಸೇರಿಸಿಕೊಂಡು ಹೇಳುವ ನಾವು ‘ಮನಮು’. ಹಾಗೆಯೇ ‘ನಮ್ಮ’ ಎಂಬುದಕ್ಕೆ ‘ಮಾ’ ಮತ್ತು ‘ಮನ’. ಸ್ವಂತ ವಾಕ್ಯದಲ್ಲಿ ‘ನಮ್ಮ ಶಾಲೆ’ ಎಂದು ಬರೆಯಬೇಕಾಗಿತ್ತು. “ಮಾ ಬಡಿ ಎನ್ನಲೋ ಮನ ಬಡಿ ಎನ್ನಲೋ?” ಎಂದು ಕೇಳಿದ. “ನಿನ್ನ ತರಗತಿಯ ಗೆಳೆಯನ ಹತ್ತಿರ ಹೇಳುವಾಗ ಮನ ಬಡಿ. ಬಸ್ಸಿನಲ್ಲಿ ಕಂಡ ಬೇರೆ ಊರಿನವರಿಗೆ ಹೇಳುವಾಗ ಮಾ ಬಡಿ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಬೀದಿಯ ತೆಲುಗಿನ ಹುಡುಗರಿಗೆ ಹೇಳುವಾಗ?” ಎಂದ. ವ್ಯಾಕರಣದಲ್ಲಿ ಅದಕ್ಕೆ ಸುಲಭದ ಉತ್ತರವಿದೆ: ಅವರು ಈ ಶಾಲೆಯವರಲ್ಲ, ಆದ್ದರಿಂದ ‘ಮಾ’. ಆದರೆ ಊರು, ಕೆರೆ, ಜಾತ್ರೆ, ಮಳೆ ಬಾರದ ವರ್ಷದ ಚಿಂತೆ ಇವುಗಳ ಮಾತು ಬಂದಾಗ ನಮಗೂ ಅವರಿಗೂ ‘ಮನ’ ಒಂದೇ. ಗಡಿಯಲ್ಲಿ ಬಾಳುವವರಿಗೆ ಎರಡು ಪದಗಳೂ ಬೇಕು. ‘ಮೇಮು’ ಮರೆತರೆ ನಾವು ಯಾರೆಂಬುದು ಅಳಿಸಿಹೋಗುತ್ತದೆ. ‘ಮನಮು’ ಕಲಿಯದಿದ್ದರೆ ನಮ್ಮ ಊರಿನಲ್ಲಿಯೇ ನಾವು ಪರಕೀಯರಾಗುತ್ತೇವೆ. ಇಷ್ಟನ್ನೂ ಮಗುವಿಗೆ ಹೇಳಲಿಲ್ಲ. ಬೀದಿಯ ಹುಡುಗರ ಹತ್ತಿರ ‘ಮನ ಊರು, ಮಾ ಬಡಿ’ ಎನ್ನು ಎಂದಷ್ಟೇ ಹೇಳಿದೆ.

ಇದೇ ದಿನಗಳಲ್ಲಿ ಬೆಂಗಳೂರಿನಲ್ಲಿರುವ ನನ್ನ ಮಗಳ ಮಗಳು ತನ್ನ ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಫ್ರೆಂಚ್ ಕಲಿಯುತ್ತಿದ್ದಳು. ರಾತ್ರಿ ಫೋನಿನಲ್ಲಿ ಇಬ್ಬರು ಮಕ್ಕಳೂ ತಮ್ಮ ಕಷ್ಟಗಳನ್ನು ಹಂಚಿಕೊಳ್ಳುತ್ತಿದ್ದರು. ಫ್ರೆಂಚಿನಲ್ಲಿ ನಿರ್ಜೀವ ವಸ್ತುಗಳಿಗೂ ಲಿಂಗವುಂಟು. ಮೇಜು ಕುರ್ಚಿಗಳು ಸ್ತ್ರೀಲಿಂಗ, ಸೂರ್ಯ ಪುಲ್ಲಿಂಗ, ಚಂದ್ರ ಸ್ತ್ರೀಲಿಂಗ. ಪ್ರತಿಯೊಂದು ನಾಮಪದವನ್ನೂ ‘ಲ’ ಅಥವಾ ‘ಲಾ’ ಎಂಬುದರೊಡನೆಯೇ ಕಲಿಯಬೇಕು. ಆದರೆ ಹಿರಿಯರಿಗೆ ‘ವೂ’, ಗೆಳೆಯರಿಗೆ ‘ತ್ಯು’ ಎಂಬ ಭೇದ ಅವಳಿಗೆ ತಟ್ಟನೆ ಹಿಡಿಸಿತು, ಏಕೆಂದರೆ ಕನ್ನಡದಲ್ಲಿ ನೀವು ಮತ್ತು ನೀನು ಇವೆಯಲ್ಲ! ಅವಳಿಗೂ ಎರಡು ಅಂಕಣಗಳ ನೋಟ್‌ಬುಕ್ಕನ್ನೇ ಹೇಳಿದೆ. ಒಮ್ಮೆ ಅವಳು, “ತಾತಾ, ನಾನು ಕಲಿತದ್ದನ್ನು ಯಾರ ಹತ್ತಿರ ಮಾತಾಡಲಿ? ಇಲ್ಲಿ ಫ್ರೆಂಚರು ಯಾರೂ ಇಲ್ಲ” ಎಂದಳು. ಆ ಮಾತು ಕೇಳಿದ ಮೇಲೆ ನಮ್ಮವನಿಗೆ ತನ್ನ ಭಾಗ್ಯ ತಿಳಿಯಿತು. ಅವನಿಗೆ ತೆಲುಗು ಆಡಲು ಬಾಗಿಲು ದಾಟಿದರೆ ಸಾಕು. ಬಸ್ಸಿನ ಬೋರ್ಡು, ಸಿನಿಮಾದ ಗೋಡೆಪತ್ರ, ಎದುರು ಮನೆಯ ಅವ್ವ ಎಲ್ಲರೂ ಅವನಿಗೆ ಮೇಷ್ಟರೇ.

ಕೊನೆಯ ವಾರಗಳಲ್ಲಿ ಪದ್ಯ ಮತ್ತು ಗಾದೆಗಳನ್ನು ತೆಗೆದುಕೊಂಡೆವು. ಅವರ ಪಠ್ಯದಲ್ಲಿ ವೇಮನನ ಪದ್ಯಗಳಿದ್ದವು. ವೇಮನ ನಮಗೆ ಹೊರಗಿನವನಲ್ಲ. ಆತನ ಸಮಾಧಿಯಿರುವ ಕಟಾರುಪಲ್ಲಿ ಹಳೆಯ ಅನಂತಪುರ ಜಿಲ್ಲೆಯದೇ ಊರು. ಸರ್ವಜ್ಞನ ತ್ರಿಪದಿಗಳನ್ನು ಬಲ್ಲ ಮಗುವಿಗೆ ವೇಮನನ ಚಾಟಿಯೇಟು ಅರ್ಥವಾಗಲು ತಡವಾಗಲಿಲ್ಲ. ಗಾದೆಗಳಲ್ಲಿಯೂ ಹಾಗೆಯೇ. ‘ಇಂಟ ಗೆಲಿಚಿ ರಚ್ಚ ಗೆಲುವು’ ಎಂಬುದನ್ನು ಅವನು ಮೂರು ಸಲ ಓದಿ, “ಇದು ನಮ್ಮ ‘ಮನೆ ಗೆದ್ದು ಮಾರು ಗೆಲ್ಲು’ ಅಲ್ಲವೇ?” ಎಂದ. ಅಡಿಗೆಮನೆಯಲ್ಲಿದ್ದ ಸೊಸೆ ಹೊರಗೆ ಬಂದು, “ಇದನ್ನು ನೀನೇ ಕಂಡುಕೊಂಡೆಯಾ?” ಎಂದು ಕೇಳಿದಳು. ನಾನು ಆಕೆಗೆ ಹೇಳಬೇಕೆಂದುಕೊಂಡಿದ್ದ ಮಾತನ್ನೆಲ್ಲ ಆ ಗಾದೆ ಹೇಳಿತ್ತು. ಕನ್ನಡ ಗಟ್ಟಿಯಾಗಿದ್ದುದರಿಂದಲೇ ಅವನಿಗೆ ತೆಲುಗಿನ ಕೀಲಿ ಸಿಕ್ಕಿತು. ಅರ್ಧ ಕಲಿತ ಕನ್ನಡದ ಮೇಲೆ ಅರ್ಧ ತೆಲುಗನ್ನು, ಅದರ ಮೇಲೆ ಅರ್ಧ ಇಂಗ್ಲಿಷನ್ನು ಹೇರಿದ್ದರೆ ಮೂರೂ ಕುಸಿಯುತ್ತಿದ್ದವು.

ಪರೀಕ್ಷೆಯ ಫಲ ಬಂದಿತು: 25ಕ್ಕೆ 17. ಪವಾಡವೇನೂ ಅಲ್ಲ. ಒತ್ತಕ್ಷರಗಳಲ್ಲಿ ಈಗಲೂ ಎಡವುತ್ತಾನೆ, ಪತ್ರಲೇಖನದಲ್ಲಿ ವಾಕ್ಯಗಳು ಮೊಟಕು. ಸೊಸೆ ಉತ್ತರ ಪತ್ರಿಕೆಯನ್ನು ಬಹಳ ಹೊತ್ತು ನೋಡಿ, “ಏಳನೆಯ ತರಗತಿಯನ್ನೂ ಇಲ್ಲಿಯೇ ಓದಲಿ ಮಾವ. ಆಮೇಲಿನದನ್ನು ಆಮೇಲೆ ನೋಡೋಣ” ಎಂದಳು. ನಾನು ಒತ್ತಾಯ ಮಾಡಲಿಲ್ಲ. ಒಂದು ವರ್ಷವೆಂದರೆ ಒಂದು ಕನ್ನಡ ಶಾಲೆಗೆ ಒಂದು ಹಾಜರಿಯ ಹೆಸರು. ಹಾಜರಿ ಪುಸ್ತಕದಲ್ಲಿ ಹೆಸರುಗಳಿದ್ದರೆ ಶಾಲೆ ಇರುತ್ತದೆ, ಇಲ್ಲದಿದ್ದರೆ ಸಂವಿಧಾನದ ಯಾವ ವಿಧಿಯೂ ಅದನ್ನು ಉಳಿಸಲಾರದು.

ಎರಡು ಭಾಷೆಗಳ ಬಾಳು ಈ ನೆಲಕ್ಕೆ ಹೊಸದಲ್ಲ. ಕನ್ನಡರಾಜ್ಯ ರಮಾರಮಣನೆಂದು ಬಿರುದು ಪಡೆದ ಶ್ರೀಕೃಷ್ಣದೇವರಾಯ ತನ್ನ ಕಾವ್ಯವನ್ನು ಬರೆದದ್ದು ತೆಲುಗಿನಲ್ಲಿ. ಅನಂತಪುರ ಜಿಲ್ಲೆಯಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳುತ್ತ ಕನ್ನಡದಲ್ಲಿಯೂ ಬರೆದರು. ಅವರಿಗೆ ಸಾಧ್ಯವಾದದ್ದರ ಒಂದು ಸಣ್ಣ ಪಾಲು ನಮ್ಮ ಮಕ್ಕಳಿಗೂ ಸಾಧ್ಯವಾಗಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮಲ್ಲಿ ಅನೇಕರು ಈ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಮುಂದೆ ತೆಲುಗಿನಲ್ಲಿ ಕಡತ ಬರೆದು, ವ್ಯಾಪಾರ ಮಾಡಿ, ಬದುಕು ಕಟ್ಟಿಕೊಂಡವರು. ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಾಲ್ಕು ಮಕ್ಕಳನ್ನು ಕೂಡಿಸಿಕೊಂಡರೆ ಸಾಕು. ಮೊಮ್ಮಗನ ನೋಟ್‌ಬುಕ್ಕಿನ ಪದಗಳನ್ನು ಒಪ್ಪವಾಗಿ ಬರೆಸಿ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಕೊನೆಯ ಪುಟಗಳನ್ನು ಖಾಲಿ ಬಿಡಿಸಿದ್ದೇನೆ. ನಿಮಗೆ ಹೊಳೆದ ಪದಗಳನ್ನು ಅಲ್ಲಿ ಸೇರಿಸಿ. ಐವತ್ತು ತುಂಬಿದ ಈ ಶಾಲೆ ನೂರನ್ನು ಕಾಣಲಿ, ಅದರ ಮಕ್ಕಳು ಕನ್ನಡದಲ್ಲಿ ಬೇರೂರಿ ತೆಲುಗಿನಲ್ಲಿಯೂ ತಲೆಯೆತ್ತಿ ಮಾತನಾಡಲಿ ಎಂದು ಹಾರೈಸುತ್ತೇನೆ.